ಜಗಳ ಇಲ್ಲದ ಕಡೆ ಡಾಕ್ಟರೂ ಇಲ್ಲ

ನಮ್ಮ ಕಡೆ ಯಾರಾದರೂ ದವಾಖಾನೆ ಸೇರಿದರೆ, ನೋಡಲು ಬಂದವರ ಮಾತು ಅರ್ಧ ಗಂಟೆಯೊಳಗೆ ಪಾರ್ಟಿಗೆ ಬಂದು ನಿಲ್ಲುತ್ತದೆ. ಮೊದಲು ಊಟ, ನಿದ್ದೆ. ಆಮೇಲೆ ಡಾಕ್ಟರ್ ಏನಂದರು. ಆಮೇಲೆ ಬಿಲ್ ಎಷ್ಟಾಯಿತು. ಬಿಲ್ಲಿನ ಮಾತು ಬಂದರೆ ಸರ್ಕಾರದ ಆರೋಗ್ಯ ಕಾರ್ಡಿನ ಮಾತು ಬರಲೇಬೇಕು. ಕಾರ್ಡಿನ ಮಾತು ಬಂದರೆ ಅದನ್ನು ಕೊಟ್ಟವರು ಯಾರು ಅನ್ನುವುದು ಬರಲೇಬೇಕು. ಕಲಬುರಗಿಯ ವಾರ್ಡುಗಳಲ್ಲಿ, ಆಸ್ಪತ್ರೆ ಮುಂದಿನ ಚಹಾ ಅಂಗಡಿಗಳಲ್ಲಿ, ಊರಿಗೆ ವಾಪಸ್ ಹೋಗುವ ಕ್ರೂಸರ್‌ಗಳಲ್ಲಿ ಈ ಜಗಳ ಕೇಳಿ ಕೇಳಿ ನನಗೆ ಎರಡೂ ಕಡೆಯ ವಾದ ಬಾಯಿಪಾಠ ಆಗಿದೆ. ಆದರೆ ಈಚೆಗೆ ಒಂದು ಯೋಚನೆ ತಲೆ ಬಿಟ್ಟು ಹೋಗುತ್ತಿಲ್ಲ. ನಾವು ಇಷ್ಟೆಲ್ಲ ಜಗಳ ಆಡುವುದು ಯಾವುದರ ಬಗ್ಗೆ? ಯಾವುದರ ಬಗ್ಗೆ ಆಡುವುದೇ ಇಲ್ಲ?

ಕಳೆದ ವರ್ಷ ಸೋದರಮಾವನಿಗೆ ಬೆಳಗಿನ ಜಾವ ಎದೆನೋವು ಬಂತು. ತಾಲೂಕು ದವಾಖಾನೆಗೆ ಕರೆದುಕೊಂಡು ಹೋದೆವು. ಇಸಿಜಿ ತೆಗೆದರು, ಅದನ್ನು ದೂರದ ಹೃದಯ ತಜ್ಞರಿಗೆ ಕಳಿಸಿದರು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಟ್ಟರು. ಹೊರಗೆ ಕೊಂಡರೆ ಹತ್ತಾರು ಸಾವಿರ ಆಗುವ ಇಂಜೆಕ್ಷನ್ ಅದು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ಪುಕ್ಕಟೆ. ಅಲ್ಲಿಂದ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆ. ಸ್ಟೆಂಟ್ ಹಾಕಿದರು, ಕಾರ್ಡಿನಲ್ಲೇ ಆಯಿತು. ಮಾರನೇ ದಿನ ನಮ್ಮ ಕಾಕಾ ಊರಿಂದ ಬಂದರು. ಕಾಕಾ ಬಿಜೆಪಿ, ಮಾವ ಕಾಂಗ್ರೆಸ್. ಇಬ್ಬರಿಗೂ ಇದು ಮನೆತನದ ಮಾತಿದ್ದಂತೆ. ಮಾವನ ಮುಖದಲ್ಲಿ ಸ್ವಲ್ಪ ಕಳೆ ಬಂದಿದೆ ಅಂತ ಕಂಡ ಕೂಡಲೇ ಕಾಕಾ ಶುರು ಮಾಡಿದರು.

"ಐದು ಲಕ್ಷದ ಕಾರ್ಡ್ ಯಾರು ಕೊಟ್ಟಾರ್ರಿ ಬೀಗರ? ಮೋದಿ ಕೊಟ್ಟಾರ. ಅದು ಇರಲಿಲ್ಲಂದ್ರ ಇವತ್ತು ತೊಗರಿ ಹೊಲ ಮಾರಬೇಕಾಗ್ತಿತ್ತು."

ಮಾವ ಮಲಗಿದಲ್ಲಿಂದಲೇ ಉತ್ತರ ಕೊಟ್ಟರು. "ಕಾರ್ಡ್ ತಗೊಂಡು ಎಲ್ಲಿಗಿ ಹೋಗ್ತಿದ್ವಿ? ಸೊಲ್ಲಾಪುರಕ್ಕೇನು? ಈ ದವಾಖಾನಿ ಯಾರು ಕಟ್ಯಾರ ಅದನ್ನ ಹೇಳ್ರಿ ಮೊದಲ. ಆ ಇಂಜೆಕ್ಷನ್ ಯಾರು ಕೊಟ್ಟಾರ ಅದನ್ನ ಹೇಳ್ರಿ."

ಸಿಸ್ಟರ್ ಬಂದು ಇಬ್ಬರನ್ನೂ ಸುಮ್ಮನಿರಿಸಿದರು. ನಾನು ಹೊರಗೆ ಬಂದು ನಿಂತು ಲೆಕ್ಕ ಹಾಕಿದೆ. ಇಬ್ಬರೂ ಹೇಳಿದ್ದು ಖರೇನೇ. ಆಯುಷ್ಮಾನ್ ಭಾರತ 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ತಂದದ್ದು. ಆರೋಗ್ಯ ಕರ್ನಾಟಕ ಅದೇ ವರ್ಷ ಮಾರ್ಚ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ತಂದದ್ದು. ಎರಡನ್ನೂ ಕೂಡಿಸಿ ಒಂದೇ ಕಾರ್ಡ್ ಮಾಡಿದ್ದು ಆ ವರ್ಷದ ಕೊನೆಗೆ, ಕುಮಾರಸ್ವಾಮಿ ಮುಖ್ಯಮಂತ್ರಿ ಆಗಿದ್ದಾಗ. ಮಾವನ ಎದೆಯೊಳಗಿನ ಆ ಸ್ಟೆಂಟಿನಲ್ಲಿ ಮೂರು ಪಾರ್ಟಿಯವರ ಕೆಲಸ ಇದೆ.

ಜಗಳದಿಂದ ಬಂದದ್ದು

"ರೋಗಿ ಸಾಯುತ್ತಿದ್ದರೆ ಇವರಿಗೆ ರಾಜಕೀಯದ ಚಿಂತೆ" ಅಂತ ಬೈಯುವವರು ಜಾಸ್ತಿ. ನಾನು ಆ ಮಾತಿಗೆ ಒಪ್ಪುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ, ಈ ನಮ್ಮ ಮೂರು ಜಿಲ್ಲೆಗೆ ಬಂದ ಒಳ್ಳೆಯದರಲ್ಲಿ ಬಹಳಷ್ಟು ಈ ಪೈಪೋಟಿಯಿಂದಲೇ ಬಂದಿದೆ.

ಯಶಸ್ವಿನಿ ನೋಡಿ. ಸಹಕಾರ ಸಂಘದ ರೈತರಿಗೆ ಅದು 2003ರಲ್ಲಿ, ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ ಶುರುವಾಯಿತು. 2018ರಲ್ಲಿ ನಿಂತಿತು. ಮತ್ತೆ ಜೀವ ಬಂದದ್ದು 2022ರಲ್ಲಿ, ಬೊಮ್ಮಾಯಿ ಅವರ ಬಿಜೆಪಿ ಸರ್ಕಾರದಲ್ಲಿ. ವಾಜಪೇಯಿ ಆರೋಗ್ಯಶ್ರೀ ಯಡಿಯೂರಪ್ಪ ಅವರ ಕಾಲದ್ದು, 2010ರ ಫೆಬ್ರುವರಿ. ಬಿಪಿಎಲ್ ಕುಟುಂಬಕ್ಕೆ ಹೃದಯ, ಕ್ಯಾನ್ಸರ್, ಕಿಡ್ನಿ, ಸುಟ್ಟಗಾಯದಂಥ ದೊಡ್ಡ ಕಾಯಿಲೆಗೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಚಿಕಿತ್ಸೆ. ಅದು ಮೊದಲು ಶುರುವಾದದ್ದು ಬೆಂಗಳೂರಿನಲ್ಲಿ ಅಲ್ಲ, ಗುಲ್ಬರ್ಗಾ ವಿಭಾಗದಲ್ಲಿ. ಉತ್ತರ ಕರ್ನಾಟಕದಲ್ಲಿ ಯೋಜನೆ ಬಂದ ಹಳ್ಳಿಗಳನ್ನೂ ಇನ್ನೂ ಬರದ ಹಳ್ಳಿಗಳನ್ನೂ ಪಕ್ಕಪಕ್ಕ ಇಟ್ಟು ಮಾಡಿದ ಒಂದು ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯ ಪಟ್ಟಿಯಲ್ಲಿದ್ದ ಕಾಯಿಲೆಗಳಿಂದ ಆಗುವ ಸಾವು, ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಶೇ 64ರಷ್ಟು ಕಡಿಮೆ ಇತ್ತು. ಇದನ್ನು ಓದಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲು ಆಗಲಿಲ್ಲ. ಆ ಅಂಕಿಯೊಳಗೆ ನಮ್ಮ ಕಡೆಯ ಎಷ್ಟು ಮನೆಗಳ ಅಪ್ಪ, ಅವ್ವ, ಮಕ್ಕಳು ಇದ್ದಾರೆ ಅಲ್ವಾ? 2013ರಲ್ಲಿ ಕಾಂಗ್ರೆಸ್ ಬಂದಾಗ ಇದನ್ನು ಕೈಬಿಡಲಿಲ್ಲ. ಎಪಿಎಲ್ ಕುಟುಂಬಗಳಿಗೆ ರಾಜೀವ್ ಆರೋಗ್ಯ ಭಾಗ್ಯ ಅಂತ ಇನ್ನೊಂದನ್ನು ಸೇರಿಸಿತು. ಹೆಸರಿನ ಪೈಪೋಟಿಯೇ ಇರಲಿ, ಫಲಾನುಭವಿಗಳು ಹೆಚ್ಚಾದರು.

ಆಸ್ಪತ್ರೆಗಳ ಕಥೆಯೂ ಹಾಗೇ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಕಲಮಿನ ಬೇಡಿಕೆಗೆ ವಾಜಪೇಯಿ ಸರ್ಕಾರದಲ್ಲಿ ಅಡ್ವಾಣಿ ಅವರು ಒಪ್ಪಿರಲಿಲ್ಲ. ಕಾಂಗ್ರೆಸ್ ಅದನ್ನು ಪ್ರತಿ ಚುನಾವಣೆಯಲ್ಲೂ ನೆನಪಿಸುತ್ತದೆ. 2012ರ ಕೊನೆಗೆ ಸಂಸತ್ತು ತಿದ್ದುಪಡಿ ಪಾಸು ಮಾಡಿತು. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಜಯದೇವದ ಹೊಸ ಕಟ್ಟಡ ಉದ್ಘಾಟನೆ ಆದಾಗ ಅದಕ್ಕೆ 371 ಹಾಸಿಗೆ ಇಟ್ಟರು, ಅದೇ ಕಲಮಿನ ನೆನಪಿಗೆ. ಸೇಡಂ ರಸ್ತೆಯ ಇಎಸ್ಐ ಆಸ್ಪತ್ರೆ, ಮೆಡಿಕಲ್ ಕಾಲೇಜು ಮಲ್ಲಿಕಾರ್ಜುನ ಖರ್ಗೆ ಅವರು ಕೇಂದ್ರದಲ್ಲಿ ಕಾರ್ಮಿಕ ಸಚಿವರಾಗಿದ್ದಾಗಿನ ಹಟದ ಫಲ. ಸರ್ಕಾರಿ ಮೆಡಿಕಲ್ ಕಾಲೇಜು ಅಂತ ಬೀದರಿಗೆ ಬ್ರಿಮ್ಸ್ ಇದೆ, ಕಲಬುರಗಿಗೆ ಜಿಮ್ಸ್ ಇದೆ, ಯಾದಗಿರಿಗೂ ಒಂದು ಬಂತು. ಒಬ್ಬರು ತಂದದ್ದನ್ನು ಇನ್ನೊಬ್ಬರು ಆಡಿಕೊಂಡರು, ಆಡಿಕೊಂಡವರು ತಮ್ಮ ಸರದಿ ಬಂದಾಗ ಇನ್ನೊಂದನ್ನು ತಂದರು.

ಇದು ನಮಗೆ ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ನೆನಪು ಸಾಕು. 2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ದೇಶದ ಮೊದಲ ಕೋವಿಡ್ ಸಾವು ಅದು. ಅವರನ್ನು ಚಿಕಿತ್ಸೆಗೆ ಹೈದರಾಬಾದಿಗೆ ಕರೆದುಕೊಂಡು ಹೋಗಿ ವಾಪಸ್ ತಂದಿದ್ದರು. ಆಗ ಕೋವಿಡ್ ಪರೀಕ್ಷೆ ಮಾಡುವ ಲ್ಯಾಬ್ ಕಲಬುರಗಿಯಲ್ಲಿ ಇರಲಿಲ್ಲ, ಸ್ಯಾಂಪಲ್ ಬೆಂಗಳೂರಿಗೆ ಹೋಗಬೇಕಿತ್ತು. ಗದ್ದಲ ಎದ್ದಿತು. ಆಮೇಲೆ ಜಿಮ್ಸ್‌ನಲ್ಲೇ ಲ್ಯಾಬ್ ಆಯಿತು. ಗದ್ದಲ ಏಳದಿದ್ದರೆ ಅದು ಎಷ್ಟು ಬೇಗ ಆಗುತ್ತಿತ್ತೋ ಗೊತ್ತಿಲ್ಲ.

ಎರಡು ಫೋನು, ಒಂದೇ ಉತ್ತರ

ಈಗ ಇನ್ನೊಂದು ರಾತ್ರಿಯ ಮಾತು ಹೇಳಬೇಕು. ಕಾಕಾನ ಮಗಳು, ನನ್ನ ತಂಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ರಾತ್ರಿ ಊಟದ ಹೊತ್ತಿಗೆ ನೋವು ಶುರುವಾಯಿತು. ತಾಲೂಕು ದವಾಖಾನೆಗೆ ಹೋದೆವು. ಕಟ್ಟಡ ಚೆನ್ನಾಗಿದೆ. ಹೆರಿಗೆ ಕೋಣೆ ಇದೆ, ಆಪರೇಷನ್ ಥಿಯೇಟರ್ ಇದೆ, ಬಾಗಿಲ ಮೇಲೆ ಬೋರ್ಡೂ ಇದೆ. ಸಿಸ್ಟರ್ ಒಬ್ಬರೇ ಇದ್ದರು. ಇನ್ನೊಬ್ಬ ಹೆಣ್ಣುಮಗಳ ಹೆರಿಗೆ ಮಾಡಿಸಿ, ಕೈ ತೊಳೆದುಕೊಂಡು ಇವಳನ್ನು ನೋಡಿದರು. ಮಗುವಿನ ಎದೆಬಡಿತ ಏರುಪೇರು ಆಗುತ್ತಿದೆ, ಸಿಸೇರಿಯನ್ ಬೇಕಾಗಬಹುದು ಅಂದರು. ಹೆರಿಗೆ ಡಾಕ್ಟರನ್ನು ಕರೆಸಬಹುದಿತ್ತು. ಆದರೆ ಅರಿವಳಿಕೆ ಕೊಡುವ ಡಾಕ್ಟರ್ ಇರಲಿಲ್ಲ. ಆ ಹುದ್ದೆಗೆ ಯಾರೂ ಬಂದೇ ಇರಲಿಲ್ಲ.

"ಕಲಬುರಗಿಗಿ ರೆಫರ್ ಮಾಡ್ತೀವ್ರಿ" ಅಂದರು.

ಕಾಕಾ ಸಿಟ್ಟಿಗೆದ್ದರು. ಸಿಸ್ಟರ್ ಅವರ ಕಡೆ ನೋಡದೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ನಾವೇನ್ ಮಾಡಮ್ರಿ ಅಣ್ಣಾ. ನಾನೂ ಗುತ್ತಿಗಿ ಮ್ಯಾಲೇ ಇದ್ದೀನಿ. ಪಗಾರ ಬಂದು ಎರಡು ತಿಂಗಳಾಗ್ಯಾದ."

ಅಷ್ಟರೊಳಗೆ ಊರಿಂದ ಜನ ಬಂದರು. ನಮ್ಮೂರಲ್ಲಿ ಇದೊಂದು ಒಳ್ಳೆಯ ಗುಣ. ಹೆರಿಗೆ, ಸಾವು ಅಂದರೆ ಪಾರ್ಟಿ ಗೀರ್ಟಿ ನೋಡುವುದಿಲ್ಲ. ಎರಡೂ ಪಾರ್ಟಿಯ ಊರ ಮುಖಂಡರು ಒಂದೇ ಬೈಕಿನಲ್ಲಿ ಬಂದಿದ್ದರು. ಒಬ್ಬರು ಆಸ್ಪತ್ರೆ ಅಂಗಳದ ಈ ಕಡೆ ನಿಂತು ತಮ್ಮ ನಾಯಕರಿಗೆ ಫೋನ್ ಹಚ್ಚಿದರು. ಇನ್ನೊಬ್ಬರು ಆ ಕಡೆ ನಿಂತು ತಮ್ಮ ನಾಯಕರಿಗೆ. ಅಷ್ಟು ಹೊತ್ತಿನಲ್ಲಿ ಇಬ್ಬರೂ ನಾಯಕರು ಫೋನ್ ಎತ್ತಿದರು. ಅದಕ್ಕೆ ನಾನು ಋಣಿ. ಎರಡೂ ಫೋನ್ ಸ್ಪೀಕರಿನಲ್ಲಿದ್ದವು. ಒಂದರಲ್ಲಿ ಬಂದ ಉತ್ತರ: "ಜಲ್ದಿ ಕಲಬುರಗಿಗಿ ಒಯ್ರಿ, ಅಲ್ಲಿ ನಾ ಹೇಳ್ತೀನಿ." ಇನ್ನೊಂದರಲ್ಲಿ: "ಟೈಮ್ ಹಾಳು ಮಾಡಬ್ಯಾಡ್ರಿ, ಕಲಬುರಗಿಗಿ ನಡೀರಿ, ಡಾಕ್ಟರಿಗಿ ನಾ ಫೋನ್ ಹಚ್ತೀನಿ."

ಇಬ್ಬರಲ್ಲಿ ಒಬ್ಬರೂ "ಅಲ್ಲಿ ಡಾಕ್ಟರ್ ಯಾಕಿಲ್ಲ?" ಅಂತ ಕೇಳಲಿಲ್ಲ. ಅವರಿಗೂ ಗೊತ್ತು, ನಮಗೂ ಗೊತ್ತು. ಅಲ್ಲಿ ಇರುವುದಿಲ್ಲ, ಕಲಬುರಗಿಗೆ ಹೋಗಬೇಕು. ಇಷ್ಟು ವರ್ಷದಲ್ಲಿ ಎರಡು ಪಾರ್ಟಿ ಒಂದೇ ಮಾತು ಆಡಿದ್ದನ್ನು ನಾನು ಕೇಳಿದ್ದು ಆ ಅಂಗಳದಲ್ಲಿ.

108 ಬಂತು. (ಆ ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಅದು ಇಲ್ಲದ ಕಾಲದಲ್ಲಿ ಟಂಟಂನಲ್ಲಿ ಒಯ್ಯುತ್ತಿದ್ದರು ಅಂತ ಅವ್ವ ಹೇಳುತ್ತಾಳೆ.) ರಸ್ತೆಯ ಒಂದೊಂದು ಗುಂಡಿಗೂ ತಂಗಿ ನನ್ನ ಕೈ ಹಿಚುಕುತ್ತಿದ್ದಳು. ಕಲಬುರಗಿಯಲ್ಲಿ ಆಪರೇಷನ್ ಆಯಿತು. ಮಗು ಹುಟ್ಟಿದ ಕೂಡಲೇ ಅಳಲಿಲ್ಲ. ಕೆಲವು ದಿನ ಐಸಿಯುನಲ್ಲಿ ಇಟ್ಟರು. ಈಗ ಹುಡುಗಿ ಓಡಾಡುತ್ತಾಳೆ, ಎಲ್ಲರ ಚಪ್ಪಲಿ ಹಾಕಿಕೊಂಡು ಅಂಗಳ ಸುತ್ತುತ್ತಾಳೆ. ದೇವರ ದಯೆ ಅಂತ ಮನೆಯವರು ಅನ್ನುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಆದರೆ ದೇವರ ದಯೆಯ ಮೇಲೆ ಬಿಡಬಾರದ ಕೆಲಸ ಅದು.

ಕಾರ್ಡಿಗೆ ಡಾಕ್ಟರ್ ಬೇಕು

ಕಾರ್ಡ್ ಹೇಗೆ ನಡೆಯುತ್ತದೆ ಅನ್ನುವುದು ಓದುಗರಿಗೆ ಗೊತ್ತೇ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಚೀಟಿ ತೆಗೆದುಕೊಂಡು ಖಾಸಗಿಗೆ. ತುರ್ತು ಇದ್ದರೆ ಚೀಟಿ ಬೇಕಿಲ್ಲ. ಶುರುವಿನಲ್ಲಿ ಪಟ್ಟಿಯಲ್ಲಿ 1,650 ಚಿಕಿತ್ಸೆಗಳಿದ್ದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ, ಶೇ 30ರಷ್ಟು.

ಆದರೆ ಒಂದು ವಿಷಯ ಜಾಸ್ತಿ ಜನರ ಲೆಕ್ಕಕ್ಕೆ ಬರುವುದಿಲ್ಲ. ಸರ್ಕಾರಿ ಆಸ್ಪತ್ರೆ ಕಾರ್ಡಿನಡಿ ಆಪರೇಷನ್ ಮಾಡಿದರೆ ಪ್ಯಾಕೇಜಿನ ದುಡ್ಡು ಆ ಆಸ್ಪತ್ರೆಗೇ ಬರುತ್ತದೆ. ಅದರಲ್ಲಿ ಸಾಮಾನು ತರಬಹುದು, ರಿಪೇರಿ ಮಾಡಿಸಬಹುದು. ಸರ್ಜನ್ ಇಲ್ಲ, ಅರಿವಳಿಕೆ ಡಾಕ್ಟರ್ ಇಲ್ಲ ಅಂದರೆ ಆಪರೇಷನ್ ಇಲ್ಲ. ಆಪರೇಷನ್ ಇಲ್ಲ ಅಂದರೆ ದುಡ್ಡೂ ಇಲ್ಲ. ರೋಗಿಯ ಜೊತೆ ಆ ದುಡ್ಡೂ ಆಂಬುಲೆನ್ಸ್ ಹತ್ತಿ ಪಟ್ಟಣಕ್ಕೆ ಹೋಗುತ್ತದೆ. ಡಾಕ್ಟರ್ ಇಲ್ಲದ ಆಸ್ಪತ್ರೆ ಹೀಗೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಕಾರ್ಡಿನ ಮೇಲೆ ಯಾರ ಫೋಟೋ ಇದ್ದರೂ ಇದು ಬದಲಾಗುವುದಿಲ್ಲ.

ಜಗಳ ಮಾತ್ರ ಅಲ್ಲಿಗೆ ಬರುವುದಿಲ್ಲ. 70 ದಾಟಿದ ಎಲ್ಲರಿಗೂ ಐದು ಲಕ್ಷ ಅಂತ ಕೇಂದ್ರ 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿತು. ಆಗಲೂ ಜಗಳ ಹಣದ ಪಾಲಿನ ಮೇಲೆ ನಿಂತಿತು. ಕೇಂದ್ರ 2011ರ ಗಣತಿಯ ಲೆಕ್ಕದಲ್ಲಿ 62 ಲಕ್ಷ ಕುಟುಂಬಕ್ಕೆ ಮಾತ್ರ ಪಾಲು ಕೊಡುತ್ತದೆ, ನಾವು ಕೋಟಿಗಿಂತ ಜಾಸ್ತಿ ಕುಟುಂಬಕ್ಕೆ ಕೊಡುತ್ತಿದ್ದೇವೆ ಅಂತ ರಾಜ್ಯ. ಹಿರಿಯರಿಗೆ ಸಿಗುವುದನ್ನು ತಡೆಯುತ್ತಿದ್ದೀರಿ ಅಂತ ಬಿಜೆಪಿ. ನನ್ನ ಅಭಿಪ್ರಾಯದಲ್ಲಿ ಇದು ಬೇಕಾದ ಜಗಳವೇ. ದುಡ್ಡು ಯಾರು ಕೊಡಬೇಕು ಅನ್ನುವುದು ಸಣ್ಣ ಮಾತಲ್ಲ. ರಾಜ್ಯದ ತಕರಾರಿನಲ್ಲಿ ಹುರುಳಿದೆ, ಆದರೆ ಅದಕ್ಕಾಗಿ ಮುತ್ಯಾ ಆಯಿಗಳು ಕಾಯುವುದು ಸರಿಯಲ್ಲ.

ಕಡಿಮೆ ದರಕ್ಕೆ ಔಷಧಿ ಮಾರುವ ಜನೌಷಧಿ ಕೇಂದ್ರದ ಗಲಾಟೆಯೂ ಹಾಗೇ ಆಯಿತು. 2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಅಂಗಡಿ ಮುಚ್ಚಿ ಅಂತ ರಾಜ್ಯ ಸರ್ಕಾರ ಆದೇಶ ಮಾಡಿತು. ಆಸ್ಪತ್ರೆಯಲ್ಲೇ ಔಷಧಿ ಪುಕ್ಕಟೆ ಕೊಡುತ್ತೇವೆ, ಅಲ್ಲೇ ಮಾರುವ ಅಂಗಡಿ ಯಾಕೆ ಅನ್ನುವುದು ಅವರ ಮಾತು. ಬಿಜೆಪಿ ಬೀದಿಗಿಳಿಯಿತು, ವಿಷಯ ಹೈಕೋರ್ಟಿಗೂ ಹೋಯಿತು. ಈ ಅಂಗಡಿಗಳು ಮೊದಲು ಶುರುವಾದದ್ದು 2008ರಲ್ಲಿ, ಮನಮೋಹನ್ ಸಿಂಗ್ ಸರ್ಕಾರದಲ್ಲಿ, ಅನ್ನುವುದು ಎರಡೂ ಕಡೆಯವರ ನೆನಪಿನಲ್ಲಿ ಇದ್ದಂತೆ ಕಾಣಲಿಲ್ಲ. ನಮ್ಮ ಅವ್ವನಿಗೆ ಬಿಪಿ, ಶುಗರ್ ಎರಡೂ ಇವೆ. ಕಾರ್ಡ್ ಇರುವುದು ಆಸ್ಪತ್ರೆಯಲ್ಲಿ ಮಲಗಿದವರಿಗೆ. ತಿಂಗಳ ಗುಳಿಗೆಗೆ ಅದು ಬರುವುದಿಲ್ಲ. ಸರ್ಕಾರಿ ಕೌಂಟರಿನಲ್ಲಿ ಒಂದು ಗುಳಿಗೆ ಇದ್ದರೆ ಇನ್ನೊಂದು ಇರುವುದಿಲ್ಲ. ಇಲ್ಲದ್ದನ್ನು ಅವಳು ಜನೌಷಧಿಯಲ್ಲಿ ತರುತ್ತಿದ್ದಳು. ಪುಕ್ಕಟೆ ಕೊಡುವುದೇ ಸರಿಯಾದ ದಾರಿ ಅಂತ ನಾನೂ ನಂಬುತ್ತೇನೆ. ಆದರೆ ಮೊದಲು ಕೌಂಟರ್ ತುಂಬಿಸಿ, ಆಮೇಲೆ ಅಂಗಡಿ ಮುಚ್ಚಿ. ಬಿಜೆಪಿಯವರು ಕೌಂಟರ್ ಯಾಕೆ ಖಾಲಿ ಅಂತ ಅಷ್ಟೇ ಜೋರಾಗಿ ಕೇಳಿದ್ದರೆ ನಾನೂ ಅವರ ಜೊತೆ ಹೋಗಿ ನಿಲ್ಲುತ್ತಿದ್ದೆ.

ಅಮೆರಿಕದ ಒಂದು ಮಾತು ಇಲ್ಲಿ ನೆನಪಾಗುತ್ತದೆ. ವಾಜಪೇಯಿ ಆರೋಗ್ಯಶ್ರೀ ನಮ್ಮಲ್ಲಿ ಶುರುವಾದ ಮರುತಿಂಗಳು, 2010ರ ಮಾರ್ಚ್‌ನಲ್ಲಿ, ಒಬಾಮಾ ಅವರ ಆರೋಗ್ಯ ಕಾನೂನು ಅಲ್ಲಿಯ ಕೆಳಮನೆಯಲ್ಲಿ 219–212ರಿಂದ ಪಾಸಾಯಿತು. ವಿರೋಧ ಪಕ್ಷದ ಒಬ್ಬರೂ ಪರವಾಗಿ ವೋಟು ಹಾಕಲಿಲ್ಲ. ಏಳು ವರ್ಷ ಆದ ಮೇಲೂ ಅದನ್ನು ರದ್ದು ಮಾಡುವ ಮಸೂದೆ ಸೆನೆಟ್‌ನಲ್ಲಿ ಬಿದ್ದದ್ದು ಸ್ವಲ್ಪದರಲ್ಲಿ, 51–49. ಆ ಕಹಿ ನಮಗೆ ಬೇಡ. ಆದರೆ ಅವರು ಜಗಳ ಆಡಿದ್ದು ಕಾನೂನಿನ ಒಳಗಿನ ವಿಷಯಕ್ಕೆ. ಮೊದಲೇ ಕಾಯಿಲೆ ಇದ್ದವರಿಗೆ ವಿಮೆ ಕೊಡಬೇಕಾ, ಬಡವರ ಖರ್ಚು ಯಾರು ಹೊರಬೇಕು, ವಿಮೆ ಕಡ್ಡಾಯ ಮಾಡಬಹುದಾ. ನಮ್ಮಲ್ಲಿ ಒಳಗಿನದಕ್ಕೆ ಎರಡೂ ಕಡೆಯವರು ತಲೆಯಾಡಿಸಿರುತ್ತಾರೆ. ಜಗಳ ಇರುವುದು ತಂದವರು ಯಾರು ಅನ್ನುವುದಕ್ಕೆ.

ಒಳಗಿನ ಜಗಳ ಒಮ್ಮೆ ಬಂದಿತ್ತು. 2017ರಲ್ಲಿ ರಮೇಶ್ ಕುಮಾರ್ ಆರೋಗ್ಯ ಮಂತ್ರಿ ಆಗಿದ್ದಾಗ ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ ಹಾಕುವ, ರೋಗಿಯ ದೂರು ಕೇಳಲು ಸಮಿತಿ ಮಾಡುವ ತಿದ್ದುಪಡಿ ತಂದರು. ಆ ನವೆಂಬರ್‌ನಲ್ಲಿ ರಾಜ್ಯದ ಖಾಸಗಿ ಡಾಕ್ಟರುಗಳು ಹೊರರೋಗಿ ವಿಭಾಗ ಮುಚ್ಚಿ ಮುಷ್ಕರ ಮಾಡಿದರು. ಜನ ಪರದಾಡಿದರು. ಕೊನೆಗೆ ಮಸೂದೆ ಮೆತ್ತಗಾಗಿ ಪಾಸಾಯಿತು. ಡಾಕ್ಟರುಗಳ ಕಡೆಯೂ ನ್ಯಾಯದ ಮಾತುಗಳಿದ್ದವು, ಸಣ್ಣ ಊರಿನಲ್ಲಿ ಒಬ್ಬರೇ ಕ್ಲಿನಿಕ್ ನಡೆಸುವವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಹೈದರಾಬಾದು, ಸೊಲ್ಲಾಪುರದ ಬಿಲ್ ನೋಡಿ ಹೊಲ ಮಾರಿದ ನಮ್ಮ ಕಡೆಯ ಜನರಿಗೆ ಆ ಮಸೂದೆ ಏನು ಅಂತ ಮನೆಮನೆಗೆ ಹೋಗಿ ಹೇಳುವ ಪಾರ್ಟಿ ಒಂದೂ ಇರಲಿಲ್ಲ. ಅಂಥ ಜಗಳ ಮತ್ತೆ ಬರಲಿಲ್ಲ.

ಕೇಳುವವರ ಖುರ್ಚಿ ಖಾಲಿ

ತಾಲೂಕಿಗೆ ಡಾಕ್ಟರ್ ಯಾಕೆ ಬರುವುದಿಲ್ಲ ಅಂತ ಕೇಳಿದರೆ "ಅವರಿಗೆ ಸಿಟಿ ಬೇಕು" ಅನ್ನುತ್ತಾರೆ. ಅಷ್ಟಕ್ಕೇ ಬಿಡುವ ವಿಷಯ ಅಲ್ಲ ಇದು. ವೈದ್ಯಕೀಯ ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು ಅಂತ 2012ರಲ್ಲಿ ಕಾನೂನು ಮಾಡಿದ್ದರು. ನಮ್ಮ ಮೂರು ಜಿಲ್ಲೆಯಲ್ಲಿ ಇಷ್ಟು ಮೆಡಿಕಲ್ ಕಾಲೇಜು ಇವೆ. 2023ರಲ್ಲಿ ವೈದ್ಯಕೀಯ ಶಿಕ್ಷಣ ಸಚಿವರಾದ ಶರಣಪ್ರಕಾಶ ಪಾಟೀಲರು ಸೇಡಂನವರೇ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಹತ್ತಿರ ದುಡ್ಡಿದೆ. 2025ರ ಜೂನ್‌ನಲ್ಲಿ ರಾಜ್ಯ ಸರ್ಕಾರದವರು ಯಾದಗಿರಿಯಲ್ಲಿ ಆರೋಗ್ಯ ಆವಿಷ್ಕಾರ ಅಂತ ಕಾರ್ಯಕ್ರಮ ಮಾಡಿ ಈ ಭಾಗದ ಆಸ್ಪತ್ರೆಗಳನ್ನು ಮೇಲ್ದರ್ಜೆಗೆ ಏರಿಸುವುದಾಗಿ ಹೇಳಿದರು. ನನಗೆ ಅದರ ಮೇಲೆ ಆಸೆ ಇದೆ. ಆದರೆ ಕಟ್ಟಡದ ಜೊತೆ ಮಂಜೂರಾದ ಹುದ್ದೆಗಳು, ತುಂಬಿದ ಹುದ್ದೆಗಳು, ರಾತ್ರಿ ಪಾಳಿಯಲ್ಲಿ ಯಾರಿರುತ್ತಾರೆ ಅನ್ನುವ ಲೆಕ್ಕ ಬೇಕು. ಆ ಲೆಕ್ಕ ಕೇಳುವ ಕೆಲಸ ವಿರೋಧ ಪಕ್ಷದ್ದು. ಕರ್ನಾಟಕದ 15ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಜನರಿಗೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅಂಥ ಮೈಯಲ್ಲಿ ಹೆರಿಗೆಗೆ ಬರುವವಳನ್ನು ರಾತ್ರಿ ರಸ್ತೆಗೆ ಹಾಕುವುದು ಎಷ್ಟು ಅಪಾಯ! ಇದರ ಮೇಲೆ ಒಂದು ಬಂದ್ ಆದದ್ದನ್ನು ನಾನು ನೋಡಿಲ್ಲ.

ಇನ್ನೊಂದು ಕಾರಣ ಇದೆ, ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಜಿಲ್ಲಾ ಪಂಚಾಯತಿಯ ಕೈಕೆಳಗೆ ಬರುತ್ತವೆ. ಸಿಸ್ಟರ್ ಇಲ್ಲ, ಔಷಧಿ ಇಲ್ಲ, ಡಾಕ್ಟರ್ ವಾರಕ್ಕೆ ಎರಡೇ ದಿನ ಬರುತ್ತಾರೆ ಅಂತ ಎದ್ದು ನಿಂತು ಕೇಳುವ ಜಾಗ ಅದು. ಜಿಲ್ಲಾ ಪಂಚಾಯತಿ, ತಾಲೂಕು ಪಂಚಾಯತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಆಗ ಬಿಜೆಪಿ ಸರ್ಕಾರ ಇತ್ತು, ಚುನಾವಣೆ ಆಗಲಿಲ್ಲ. 2023ರಲ್ಲಿ ಕಾಂಗ್ರೆಸ್ ಬಂತು, ಆಮೇಲೂ ವರ್ಷಗಟ್ಟಲೆ ಎಳೆದರು. ಮೀಸಲಾತಿ, ಕ್ಷೇತ್ರ ವಿಂಗಡಣೆ, ಕೋರ್ಟು ಅಂತ ಕಾರಣಗಳು ಇದ್ದೇ ಇವೆ. ಅಧಿಕಾರಿಗಳು ಸಭೆ ನಡೆಸುತ್ತಾರೆ. ಒಳ್ಳೆಯ ಅಧಿಕಾರಿ ಬಂದರೆ ಕೆಲಸವೂ ಆಗುತ್ತದೆ. ಆದರೆ ಅವರಿಗೆ ನಮ್ಮೂರಿನ ವೋಟು ಬೇಕಿಲ್ಲ. ನಮ್ಮ ತಂಗಿಯ ಹೆರಿಗೆ ರಾತ್ರಿ ಆಸ್ಪತ್ರೆ ಅಂಗಳದಲ್ಲಿ ಫೋನ್ ಹಿಡಿದು ನಿಂತಿದ್ದರಲ್ಲ, ಆ ಇಬ್ಬರು ಮುಖಂಡರು, ಅವರು ಕೂರಬೇಕಾದ ಖುರ್ಚಿಗಳು ಅವು. ಅಲ್ಲಿ ಕೂತು ಅವರು ಬೇಕಾದಷ್ಟು ಜಗಳ ಆಡಲಿ. ಯಾರ ಅವಧಿಯಲ್ಲಿ ಎಷ್ಟು ಹುದ್ದೆ ತುಂಬಿತು, ಯಾರ ಅವಧಿಯಲ್ಲಿ ಎಷ್ಟು ಸಿಸೇರಿಯನ್ ತಾಲೂಕಿನಲ್ಲೇ ಆಯಿತು, ಗುತ್ತಿಗೆ ಸಿಸ್ಟರ್ ಪಗಾರ ಯಾರ ಕಾಲದಲ್ಲಿ ಎಷ್ಟು ತಿಂಗಳು ನಿಂತಿತ್ತು ಅಂತ.

ಮೊನ್ನೆ ಆ ಇಬ್ಬರಿಗೂ ಇದನ್ನೇ ಹೇಳಿದೆ. ಒಬ್ಬರು ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಸಹಾಯ ಕೇಳಿದರು. ತಾಲೂಕು ದವಾಖಾನೆಯಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವತ್ತಿನಿಂದ ಖಾಲಿ ಅನ್ನುವ ಮೂರು ಪ್ರಶ್ನೆ. ಬರೆದುಕೊಟ್ಟೆ. ಅದು ಗೊತ್ತಾದ ಮೇಲೆ ಇನ್ನೊಬ್ಬರೂ ಫೋನ್ ಮಾಡಿದರು, ನಮ್ಮ ಪಾರ್ಟಿ ಹೆಸರಲ್ಲೂ ಒಂದು ಅರ್ಜಿ ಹಾಕೋಣ ಅಂತ. ಅವರಿಗೆ ನಾಲ್ಕನೆಯ ಪ್ರಶ್ನೆ ಸೇರಿಸಿ ಕೊಟ್ಟಿದ್ದೇನೆ: ಕಳೆದ ಒಂದು ವರ್ಷದಲ್ಲಿ ರಾತ್ರಿ ಹೊತ್ತು ಇಲ್ಲಿಂದ ಕಲಬುರಗಿಗೆ ರೆಫರ್ ಮಾಡಿದ ಹೆರಿಗೆಗಳು ಎಷ್ಟು?